ಪರದೆ ಹಿಂದಿನ ಕಾಲ್ಸಪ್ಪಳ

(ನಾನು ಮಾಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ವೇದಿಕೆ ಮೇಲೆ ಕೇಳಿಸಿದ ಸದ್ದನ್ನು ಬರೆದು ತೋರಿಸಲು ಆಗುವುದಿಲ್ಲ. ಅಲ್ಲಿ ಏನಾಯಿತೆಂದು ಮಾತ್ರ ಹೇಳಿದ್ದೇನೆ.)

ನಮಸ್ಕಾರ. ಮೊದಲು ಒಂದು ಆಟ ಆಡೋಣ, ಮಾತು ಆಮೇಲೆ.

ಮುಂದಿನ ಎರಡು ಸಾಲಿನಲ್ಲಿ ಕೂತಿರುವವರು ಎಷ್ಟೋ ವರ್ಷ ಒಂದೇ ಕಡೆ ಜೊತೆಗೆ ಕೆಲಸ ಮಾಡಿದವರು. ಅವರಲ್ಲಿ ಐದು ಜನರನ್ನು ಪರದೆ ಹಿಂದಕ್ಕೆ ಕಳಿಸಿದೆ. ಒಬ್ಬೊಬ್ಬರಾಗಿ ಎಂಟು ಹೆಜ್ಜೆ ನಡೆಯಬೇಕು. ಕೆಮ್ಮಬಾರದು, ನಗಬಾರದು. ಯಾರು ನಡೆದರೆಂದು ಇತ್ತ ಕೂತವರು ಹೇಳಬೇಕು.

ಮೊದಲನೆಯವರು ನಡೆದರು. ನಾಲ್ಕನೇ ಹೆಜ್ಜೆಗೇ ಸಾಲಿನಲ್ಲಿ ನಗು ಎದ್ದಿತು, ಹೆಸರು ಒಟ್ಟಿಗೇ ಬಂತು. ಎರಡನೆಯವರಿಗೆ ಸ್ವಲ್ಪ ಹೊತ್ತು ಹಿಡಿಯಿತು, ಆದರೂ ಸರಿ. ಮೂರನೆಯವರ ವಿಷಯದಲ್ಲಿ ಜಗಳವೇ ಆಯಿತು. ಎರಡು ಹೆಸರು ಬಂದವು, ಎರಡೂ ತಪ್ಪು. ನಾಲ್ಕನೆಯದು ಸರಿ. ಐದನೆಯದು ತಪ್ಪು.

ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಸುಮ್ನೆ ಗೊತ್ತಾಗುತ್ತೆ" ಎಂದರು ಒಬ್ಬರು. ಇನ್ನೊಬ್ಬರು, "ಮೊದಲು ನಡೆದವರಿಗೆ ನೆಲದ ಮೇಲೆ ಏನೋ ಸಿಟ್ಟು, ಹಾಗೇ ನಡೀತಾರೆ ಅವರು ಯಾವಾಗ್ಲೂ" ಎಂದರು. ಈ ಎರಡನೇ ಉತ್ತರ ನನಗೆ ಇಷ್ಟವಾಯಿತು. ಯಾಕೆಂದು ಮುಂದೆ ಹೇಳುತ್ತೇನೆ.

ಐದಕ್ಕೆ ಮೂರು. ಕಡಿಮೆ ಅನ್ನಿಸಿತಾ? ಹೋಲಿಕೆಗೆ ಒಂದು ಹಳೆಯ ಪ್ರಯೋಗ ಇದೆ. 1977ರಲ್ಲಿ ಕಟಿಂಗ್ ಮತ್ತು ಕೊಜ್ಲೋವ್‌ಸ್ಕಿ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಆರು ಜನ ಗೆಳೆಯರ ಕೀಲುಗಳಲ್ಲಿ ಮಾತ್ರ ಬೆಳಕು ಕಾಣುವ ಹಾಗೆ ಮಾಡಿ, ಕತ್ತಲಲ್ಲಿ ನಡೆಸಿ, ಚಿತ್ರೀಕರಿಸಿದರು. ಮುಖ ಇಲ್ಲ, ಬಟ್ಟೆ ಇಲ್ಲ, ಓಡಾಡುವ ಚುಕ್ಕೆಗಳು ಮಾತ್ರ. ಅದನ್ನು ನೋಡಿ ಗೆಳೆಯರು ಸರಿಯಾಗಿ ಗುರುತಿಸಿದ್ದು ಶೇಕಡಾ 38ರಷ್ಟು. ಕಣ್ಣು ಮುಚ್ಚಿ ಊಹಿಸಿದ್ದರೆ ಶೇಕಡಾ 17ರ ಆಸುಪಾಸು ಬರುತ್ತಿತ್ತು. ಅಲ್ಲಿ ಕಣ್ಣಿಗೆ ಪರೀಕ್ಷೆ, ಇಲ್ಲಿ ಕಿವಿಗೆ. ನಮ್ಮದು ಆಟ, ಅವರದು ವಿಜ್ಞಾನ. ಆದರೂ ಐದಕ್ಕೆ ಮೂರು ಅಂದರೆ ನಾಚಿಕೊಳ್ಳುವಂಥದ್ದೇನಲ್ಲ.

ನನ್ನ ಕೆಲಸ ಸೌಂಡ್ ರೆಕಾರ್ಡಿಂಗ್. ಸಿನಿಮಾದಲ್ಲಿ ನೀವು ಕೇಳುವ ಹೆಜ್ಜೆ ಸದ್ದು ಬಹಳ ಸಲ ಆ ನಟರದ್ದಾಗಿರುವುದಿಲ್ಲ. ಶೂಟಿಂಗ್‌ನಲ್ಲಿ ಮೈಕ್ ಇರುವುದು ಬಾಯಿಯ ಹತ್ತಿರ, ಕಾಲಿನ ಹತ್ತಿರ ಅಲ್ಲ. ಆಮೇಲೆ ಸ್ಟುಡಿಯೋದಲ್ಲಿ ಒಬ್ಬರು ದೃಶ್ಯ ನೋಡುತ್ತಾ, ಕಲ್ಲು, ಮರಳು, ಹಲಗೆ ಹಾಕಿದ ಚೌಕಗಳ ಮೇಲೆ ನಿಂತಲ್ಲೇ ನಡೆದು ಸದ್ದು ತುಂಬುತ್ತಾರೆ. ಈ ಕಸುಬಿಗೆ ಫೋಲಿ ಎನ್ನುತ್ತಾರೆ. ಯೂನಿವರ್ಸಲ್ ಸ್ಟುಡಿಯೋದಲ್ಲಿದ್ದ ಜ್ಯಾಕ್ ಫೋಲಿ (1891–1967) ಅವರಿಂದ ಬಂದ ಹೆಸರು. ಹಿಮದ ಮೇಲೆ ನಡೆಯುವ ಸದ್ದು ಬೇಕೆಂದರೆ ಚರ್ಮದ ಚೀಲಕ್ಕೆ ಕಾರ್ನ್‌ಫ್ಲೋರ್ ತುಂಬಿ ಹಿಸುಕುತ್ತಾರೆ, ಗೊತ್ತಾ? ಕೇಳಿದರೆ ಹಿಮವೇ.

ಈ ಕಸುಬಿನವರು ಮೊದಲು ನೋಡುವುದು ನಟರ ಕಾಲನ್ನಲ್ಲ, ಭುಜವನ್ನು. ಎಷ್ಟೋ ದೃಶ್ಯಗಳಲ್ಲಿ ಕಾಲು ಕಾಣುವುದೇ ಇಲ್ಲ. ಆದರೆ ಭುಜ ಏಳುವುದು, ಇಳಿಯುವುದು ನೋಡಿದರೆ ಹೆಜ್ಜೆ ಎಲ್ಲಿ ಬಿತ್ತೆಂದು ತಿಳಿಯುತ್ತದೆ. ಹೆಜ್ಜೆ ಹಾಕುವುದು ಇಡೀ ಮೈ. ಕಾಲು ಅದರ ತುದಿ, ಅಷ್ಟೇ.

ಈಗ ಒಂದೇ ಒಂದು ಹೆಜ್ಜೆಯನ್ನು ಹತ್ತಿರದಿಂದ ನೋಡೋಣ. ಮೊದಲು ನಡೆದವರ ಎಂಟರಲ್ಲಿ ಐದನೆಯ ಹೆಜ್ಜೆ ಇದು. ಆಗಲೇ ರೆಕಾರ್ಡ್ ಮಾಡಿಕೊಂಡೆ. ಆ ಸದ್ದಿನ ಗೆರೆಚಿತ್ರವನ್ನು ಎದುರಿನ ಬಿಳಿ ಪರದೆ ಮೇಲೆ ಹಿಗ್ಗಿಸಿದ್ದೇನೆ. ಕಿವಿಗೆ ಇದು ಒಂದು 'ಟಪ್'. ಕಣ್ಣಿಗೆ ನೋಡಿ, ಮೂರು ಇವೆ. ಮೊದಲ ದೊಡ್ಡ ಗೂಟ ಹಿಮ್ಮಡಿಯದು. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಬಿಟ್ಟು ಇನ್ನೊಂದು ಚಿಕ್ಕದು, ಮುಂಗಾಲು ನೆಲಕ್ಕೆ ತಾಗಿದ್ದು. ಕೊನೆಗೆ ಪೊರಕೆ ಎಳೆದ ಹಾಗೆ ಕಾಣುವ ಈ ಗೀರು, ಬೆರಳ ತುದಿ ನೆಲವನ್ನು ಹಿಂದಕ್ಕೆ ಒದ್ದು ಮೇಲೆದ್ದದ್ದು. ಇವರ ಮೊದಲ ಗೂಟವೇ ಭಾರಿ, ಎರಡನೆಯದು ಇದೆಯೋ ಇಲ್ಲವೋ ಎಂಬಷ್ಟು. ಹಿಮ್ಮಡಿಯನ್ನು ಕುಕ್ಕಿ ನಡೆಯುವವರು. ನೆಲದ ಮೇಲೆ ಸಿಟ್ಟು ಅಂದದ್ದು ಇದಕ್ಕೇ!

ಹಿಮ್ಮಡಿ ಕುಕ್ಕುವ ಸದ್ದು ದಪ್ಪ. ಅದು ನೆಲದೊಳಗೆ ಇಳಿದು ಹಲಗೆ, ಗೋಡೆ ಎಲ್ಲವನ್ನೂ ಅದುರಿಸುತ್ತದೆ. ಉಜ್ಜುವ ಸದ್ದು ಸಣ್ಣದು, ತೀಕ್ಷ್ಣವಾದದ್ದು, ಗಾಳಿಯಲ್ಲೇ ಹರಡುತ್ತದೆ. ಎಕಿಮೋವ್ ಮತ್ತು ಸಬಾಟಿಯರ್ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ಕಟ್ಟಡಗಳೊಳಗೆ ಇದನ್ನು ಅಳೆದರು. ಸದ್ದು ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬ ಲೆಕ್ಕಕ್ಕೆ ಹರ್ಟ್ಜ್ ಎನ್ನುತ್ತಾರೆ. ಕುಕ್ಕಿದ್ದು ಕೆಲವು ನೂರು ಹರ್ಟ್ಜ್ ಒಳಗೇ ಹೆಚ್ಚಾಗಿ ಇರುತ್ತದೆ. ಉಜ್ಜಿದ್ದು ಸಾವಿರಗಟ್ಟಲೆ ಹರ್ಟ್ಜ್ ದಾಟಿ, ನಮ್ಮ ಕಿವಿಗೆ ಕೇಳಿಸದ ಎತ್ತರದವರೆಗೂ ಹೋಗುತ್ತದೆ. ನಮಗೆ ಕೇಳಿಸುವುದು 20 ಕಿಲೋ ಹರ್ಟ್ಜ್‌ವರೆಗೆ, ಅದೂ ಚಿಕ್ಕ ವಯಸ್ಸಿನಲ್ಲಿ. ನಾಯಿಗೆ ಅದರ ಎರಡು ಪಟ್ಟಿಗಿಂತ ಮೇಲೆ ಕೇಳಿಸುತ್ತದೆ. ಮನೆಯವರು ಗೇಟು ಮುಟ್ಟುವ ಮೊದಲೇ ನಾಯಿ ಎದ್ದು ಕೂರುವುದರಲ್ಲಿ ಪವಾಡ ಹುಡುಕಬೇಕಿಲ್ಲ.

ಹೆಂಗಸಿನ ನಡಿಗೆಯೋ ಗಂಡಸಿನದೋ ಎಂಬುದನ್ನು ಕಿವಿಯೊಂದರಿಂದಲೇ ತಕ್ಕಮಟ್ಟಿಗೆ ಹೇಳಬಹುದೆಂದು 1991ರ ಒಂದು ಅಧ್ಯಯನ ತೋರಿಸಿತು. ಅದಕ್ಕೆ ದಪ್ಪ–ಸಣ್ಣ ಸದ್ದಿನ ಪ್ರಮಾಣ ಸಾಕು. 'ಯಾರು' ಎಂದು ಹೇಳಲು ಅಷ್ಟು ಸಾಲದು. ಅದಕ್ಕೇ ಎರಡನೇ ಆಟ.

ಪರದೆ ಹಿಂದಿನವರಿಗೆ ಗುಟ್ಟಾಗಿ ಹೇಳಿ ಇಬ್ಬರ ಪಾದರಕ್ಷೆ ಅದಲುಬದಲು ಮಾಡಿಸಿದೆ. ಆಗಲೇ ಎಲ್ಲರೂ ಸರಿಯಾಗಿ ಹೇಳಿದ್ದ ಒಂದು ಮತ್ತು ನಾಲ್ಕನೆಯವರು. ಮತ್ತೆ ಎಂಟೆಂಟು ಹೆಜ್ಜೆ. ಮೊದಲ ಎರಡು ಹೆಜ್ಜೆಗೆ ಸಾಲಿನವರು ತಪ್ಪು ಹೆಸರು ಕೂಗಿದರು. ಆರನೇ ಹೆಜ್ಜೆ ಬರುವ ಹೊತ್ತಿಗೆ ಒಬ್ಬರು, "ತಡೀರಿ, ಚಪ್ಪಲಿ ಅವರದ್ದು, ನಡೀತಿರೋದು ಇವರು" ಎಂದರು. ಸರಿ ಹೇಳಿದರು! ನಾನು ಈ ಆಟ ಆಡಿಸಿದ ಕಡೆಯಲ್ಲೆಲ್ಲ ಹೀಗೇ ಆಗಿದೆ. ಪಾದರಕ್ಷೆ ನಿಮ್ಮನ್ನು ಎರಡು ಹೆಜ್ಜೆ ಮೋಸ ಮಾಡುತ್ತದೆ. ಆಮೇಲೆ ಬೇರೇನೋ ಕೇಳತೊಡಗುತ್ತದೆ.

ಆ ಬೇರೇನೋ ಯಾವುದು? ಮೂರನೇ ಆಟದಲ್ಲಿ ಗೊತ್ತಾಯಿತು. ಐವರೂ ತಮ್ಮ ತಮ್ಮ ಪಾದರಕ್ಷೆಯಲ್ಲೇ ನಡೆದರು. ಆದರೆ ಈ ಸಲ ನಾನು ಚಪ್ಪಾಳೆ ತಟ್ಟಿದೆ, ಚಪ್ಪಾಳೆಗೆ ಸರಿಯಾಗಿ ಹೆಜ್ಜೆ ಬೀಳಬೇಕೆಂದೆ. ಒಬ್ಬರನ್ನೂ ಗುರುತಿಸಲಾಗಲಿಲ್ಲ. ನೆಲದ ಮೇಲೆ ಸಿಟ್ಟಿದ್ದವರನ್ನೂ!

ಅಂದರೆ ನಾವು ಹೆಜ್ಜೆಯ ಸದ್ದನ್ನು ಕೇಳುತ್ತೇವೆ ಅಂದುಕೊಳ್ಳುತ್ತೇವೆ, ಆದರೆ ಗುರುತಿಸುವುದು ಹೆಜ್ಜೆಗಳ ನಡುವಿನ ಬಿಡುವನ್ನು. ದೊಡ್ಡವರು ತಮ್ಮ ಪಾಡಿಗೆ ನಡೆಯುವಾಗ ನಿಮಿಷಕ್ಕೆ 100ರಿಂದ 120 ಹೆಜ್ಜೆ ಬೀಳುತ್ತವೆ. ಎರಡು ಹೆಜ್ಜೆ ನಡುವೆ ಅರ್ಧ ಸೆಕೆಂಡು, ಹೆಚ್ಚೆಂದರೆ ಸ್ವಲ್ಪ ಮೇಲೆ. ಅಷ್ಟರಲ್ಲಿ ಎಷ್ಟೊಂದು ವ್ಯತ್ಯಾಸ ಹಿಡಿಸುತ್ತದೆ! ಒಬ್ಬರ ಬಲಗಾಲು ಎಡಗಾಲಿಗಿಂತ ಚೂರು ಬೇಗ ಬೀಳುತ್ತದೆ. ಇನ್ನೊಬ್ಬರು ನಾಲ್ಕು ಹೆಜ್ಜೆಗೊಮ್ಮೆ ಕಾಲು ಉಜ್ಜುತ್ತಾರೆ. ಮತ್ತೊಬ್ಬರು ಬಾಗಿಲು ಹತ್ತಿರ ಬಂದಂತೆ ವೇಗ ಕಡಿಮೆ ಮಾಡುತ್ತಾರೆ, ಒಳಗೆ ಹೋಗಲೋ ಬೇಡವೋ ಎಂಬ ಹಾಗೆ.

ಕನ್ನಡಕ್ಕೆ ಇದು ಮೊದಲೇ ಗೊತ್ತು ಅನ್ನಿಸುತ್ತದೆ. ನಡಿಗೆಗೆ ನಾವು ಬಳಸುವ ಮಾತುಗಳನ್ನೇ ನೋಡಿ. ಬಿರಬಿರ, ಸರಸರ, ಟಪಟಪ, ದಬದಬ. ಒಂದನ್ನೂ ಒಂಟಿಯಾಗಿ ಹೇಳುವಂತಿಲ್ಲ. 'ದಬ್' ಎಂದರೆ ಏನೋ ಬಿತ್ತು. 'ದಬದಬ' ಎಂದರೆ ಯಾರೋ ಬಂದರು.

ಇದೇ ಕಾರಣಕ್ಕೆ ನನಗೆ ಮೆಟ್ಟಿಲು ಬಹಳ ಇಷ್ಟ. ಜನರನ್ನು ಗುರುತಿಸಲು ಮೆಟ್ಟಿಲಿಗಿಂತ ಒಳ್ಳೆಯ ಜಾಗ ಇಲ್ಲ. ಬಯಲಲ್ಲಿ ಉದ್ದ ಕಾಲಿನವರು ದಾಪುಗಾಲು ಹಾಕಬಹುದು, ಗಿಡ್ಡ ಇರುವವರು ಪುಟುಪುಟು ಹೆಜ್ಜೆ ಇಡಬಹುದು. ಮೆಟ್ಟಿಲು ಎಲ್ಲರಿಗೂ ಒಂದೇ ಅಳತೆಯ ಹೆಜ್ಜೆ ಕೊಡುತ್ತದೆ. ಅಳತೆ ಒಂದೇ ಆದಾಗ ಉಳಿಯುವುದು ಕಾಲ ಮತ್ತು ಭಾರ. ಅವು ಬಚ್ಚಿಟ್ಟುಕೊಳ್ಳಲು ಜಾಗವೇ ಇರುವುದಿಲ್ಲ. ಹತ್ತುವಾಗ ಮುಂಗಾಲು ಮೊದಲು ಬೀಳುತ್ತದೆ, ಹಿಮ್ಮಡಿ ಕೆಲವರಲ್ಲಿ ತಾಗುತ್ತದೆ, ಕೆಲವರಲ್ಲಿ ಇಲ್ಲ. ಎರಡೆರಡು ಮೆಟ್ಟಿಲು ಹಾರುವವರು ಕೊನೆಗೆ ಒಂದು ಉಳಿದರೆ ಅಲ್ಲಿ ತಾಳ ತಪ್ಪುತ್ತಾರೆ. ಮೊಣಕಾಲು ನೋವಿದ್ದವರು ಒಂದೇ ಕಾಲನ್ನು ಮುಂದಿಟ್ಟು ಇನ್ನೊಂದನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ, ಪ್ರತಿ ಮೆಟ್ಟಿಲಿಗೂ ಒಂದು ಗಟ್ಟಿ ಸದ್ದು, ಒಂದು ಮೆತ್ತನೆಯದು. ಇಳಿಯುವಾಗಂತೂ ಸ್ವಭಾವವೇ ಬಯಲು. ಕೆಲವರು ಇಳಿಯುವುದಿಲ್ಲ, ಬೀಳುತ್ತಾ ಬರುತ್ತಾರೆ.

ಚಿಕ್ಕವನಿದ್ದಾಗ ನಾನು ಅಪ್ಪ ಮೆಟ್ಟಿಲು ಹತ್ತುವ ಸದ್ದಿಗೆ ಆಟದ ಸಾಮಾನು ಬಚ್ಚಿಟ್ಟು ಪುಸ್ತಕ ಹಿಡಿಯುತ್ತಿದ್ದೆ. ಒಂದು ದಿನವೂ ತಪ್ಪಿಲ್ಲ ಎಂದು ಹೆಮ್ಮೆ ಇತ್ತು. ಒಂದು ಸಂಜೆ ಸದ್ದು ಬಂತು, ಪುಸ್ತಕ ಹಿಡಿದೆ, ಗಟ್ಟಿಯಾಗಿ ಓದಿದೆ. ಬಂದದ್ದು ಅಣ್ಣ, ಅಪ್ಪನ ಚಪ್ಪಲಿ ಮೆಟ್ಟಿಕೊಂಡು. ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. ಈಗ ಯೋಚಿಸಿದರೆ ಅವತ್ತು ನಾನು ಕೇಳಿದ್ದು ಚಪ್ಪಲಿಯನ್ನೂ ಅಲ್ಲ, ಗಡಿಯಾರವನ್ನು. ಅಪ್ಪ ಬರುವ ಹೊತ್ತಿಗೆ ಸದ್ದಾಯಿತು, ಹಾಗಾಗಿ ಅಪ್ಪ. ನನ್ನ ಹೆಮ್ಮೆಯ ಅರ್ಧ ಭಾಗ ಅಲ್ಲೇ ಹೋಯಿತು. ಹೆಜ್ಜೆ ಗುರುತಿಸುತ್ತೇವೆ ಎನ್ನುವಾಗ ಎಷ್ಟು ಪಾಲು ಕಿವಿಯದು, ಎಷ್ಟು ಪಾಲು ಕಾಯುವಿಕೆಯದು ಎಂದು ಬೇರೆ ಮಾಡುವುದು ಕಷ್ಟ. ಮನೆಯಲ್ಲಿರುವುದು ನಾಲ್ಕು ಜನ, ಆ ಹೊತ್ತಿಗೆ ಬರುವವರು ಒಬ್ಬರು. ಪರೀಕ್ಷೆ ಪ್ರಶ್ನೆ ಬಹಳ ಸುಲಭ.

ಯಂತ್ರಗಳ ವಿಷಯದಲ್ಲೂ ಇದನ್ನು ಮರೆಯಬಾರದು. 2000ದಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಓರ್ ಮತ್ತು ಅಬೌಡ್ ಎಂಬಿಬ್ಬರು ಒಂದು ಜಾಣ ನೆಲ ಮಾಡಿದರು. ನೆಲದ ಹಲಗೆ ಕೆಳಗೆ ಭಾರ ಅಳೆಯುವ ಸೆನ್ಸರ್ ಇತ್ತು. ಅದು ಸದ್ದು ಕೇಳುತ್ತಿರಲಿಲ್ಲ, ಹೆಜ್ಜೆ ಒತ್ತಿದ ಬಲ ಕಾಲಕ್ಕೆ ತಕ್ಕಂತೆ ಹೇಗೆ ಏರಿಳಿಯಿತು ಎಂದು ನೋಡುತ್ತಿತ್ತು. ಅದನ್ನು ಗೀಚಿದರೆ ಒಂಟೆ ಬೆನ್ನಿನ ಹಾಗೆ ಎರಡು ಡುಬ್ಬ ಬರುತ್ತವೆ. ಕಾಲಿನ ಮೇಲೆ ಮೈ ಇಳಿದಾಗ ಒಂದು, ಒದ್ದು ಮುಂದೆ ಹೋಗುವಾಗ ಇನ್ನೊಂದು. ಎರಡೂ ಮೈತೂಕಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತವೆ. ಈ ಡುಬ್ಬಗಳ ಆಕಾರ ನೋಡಿ ಆ ನೆಲ 15 ಜನರಲ್ಲಿ ಯಾರೆಂದು ಶೇಕಡಾ 93ರಷ್ಟು ಸರಿಯಾಗಿ ಹೇಳಿತು. ಪಾದರಕ್ಷೆ ಬದಲಾದರೂ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಆರನೇ ಹೆಜ್ಜೆಗೆ "ತಡೀರಿ" ಎಂದವರು ಕಿವಿಯಿಂದ ಮಾಡಿದ್ದನ್ನೇ ನೆಲ ಭಾರದಿಂದ ಮಾಡಿತು.

ಆಮೇಲೆ ಜಿಯೋಫೋನ್ ಬಂತು. ಇದು ಭೂಮಿಯ ಕಂಪನ ಹಿಡಿಯುವ ಸಾಧನ. ಒಳಗೆ ಒಂದು ಅಯಸ್ಕಾಂತ, ಸ್ಪ್ರಿಂಗ್‌ಗೆ ನೇತುಬಿಟ್ಟ ತಂತಿಯ ಸುರುಳಿ. ನೆಲ ಅದುರಿದರೆ ಎರಡೂ ಒಂದಕ್ಕೊಂದು ಸರಿದು ಸಣ್ಣ ವಿದ್ಯುತ್ ಹುಟ್ಟುತ್ತದೆ. ಎಣ್ಣೆ ನಿಕ್ಷೇಪ ಹುಡುಕುವವರು ಇದನ್ನು ಬಳಸುತ್ತಾ ಬಂದಿದ್ದಾರೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಇದನ್ನು ಕಟ್ಟಡದ ನೆಲಕ್ಕಿಟ್ಟು, ನಡೆಯುವವರು ಯಾರೆಂದು ಗುರುತಿಸುವ ಪ್ರಯೋಗ ಮಾಡಿದರು. ಕ್ಯಾಮೆರಾ ಬೇಡ, ಕೈಗೆ ಏನೂ ಕಟ್ಟಬೇಕಿಲ್ಲ. ವಯಸ್ಸಾದವರು ಒಬ್ಬರೇ ಇರುವ ಮನೆಯಲ್ಲಿ ಬಿದ್ದರೋ, ನಡಿಗೆ ಬದಲಾಯಿತೋ ಎಂದು ತಿಳಿಯಲು ಇಂಥದ್ದು ಒಳ್ಳೆಯದು ಎಂದೇ ನಾನೂ ಹೇಳುತ್ತೇನೆ.

ಆದರೆ 15 ಜನರಲ್ಲಿ ಒಬ್ಬರನ್ನು ಹುಡುಕುವುದು ಬೇರೆ, ಒಂದು ರೈಲು ನಿಲ್ದಾಣದಲ್ಲಿ ಹುಡುಕುವುದು ಬೇರೆ. ಜೊತೆಗೆ ಬೆರಳಚ್ಚು ದಿನಕ್ಕೊಂದು ತರಹ ಆಗುವುದಿಲ್ಲ. ಹೆಜ್ಜೆ ಆಗುತ್ತದೆ. ಕೈಯಲ್ಲಿ ಭಾರ ಇದ್ದರೆ, ಕಾಲು ಉಳುಕಿದರೆ, ಆಯಾಸವಾದರೆ, ಬರೀ ಸಂತೋಷವಾದರೂ ಸಾಕು. ಹೆಜ್ಜೆಯ ಗುರುತನ್ನು ಸಾಕ್ಷಿಯಾಗಿ ಹಿಡಿದು ಯಾರನ್ನಾದರೂ ತಪ್ಪಿತಸ್ಥರನ್ನಾಗಿ ಮಾಡಲು ನಾನಂತೂ ಒಪ್ಪುವುದಿಲ್ಲ.

ಇನ್ನು ನೆಲ ತಾನೇ ಕೂಗಿ ಹೇಳುವುದೂ ಉಂಟು. ಜಪಾನಿನ ಕ್ಯೋಟೋದಲ್ಲಿರುವ ನಿಜೋ ಕೋಟೆಯ ಪಡಸಾಲೆಗಳಲ್ಲಿ ಹೆಜ್ಜೆ ಇಟ್ಟರೆ ಹಲಗೆಗಳು ಹಕ್ಕಿಯ ಹಾಗೆ ಚಿಲಿಪಿಲಿ ಅನ್ನುತ್ತವೆ. ಕಳ್ಳರನ್ನು ಹಿಡಿಯಲು ಬೇಕೆಂದೇ ಹಾಗೆ ಕಟ್ಟಿದ್ದು ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ಹಲಗೆ ಕೆಳಗಿನ ಪಟ್ಟಿಗಳು ಕಾಲಾಂತರದಲ್ಲಿ ಸಡಿಲಾಗಿ ಮೊಳೆಗಳಿಗೆ ಉಜ್ಜಿ ಬರುವ ಸದ್ದು ಅದು, ಬೇಕೆಂದು ಮಾಡಿದ್ದಲ್ಲ ಎಂದು ಕೋಟೆಯಲ್ಲಿ ಹಾಕಿರುವ ಫಲಕವೇ ಹೇಳುತ್ತದೆ. ಪಾಪ, ಒಳ್ಳೆ ಕಥೆ ಹಾಳಾಯಿತು. ಹೇಗಿದ್ದರೂ ಆ ನೆಲ ಯಾರೋ ಬಂದರು ಎಂದು ಹೇಳುತ್ತದೆ, ಯಾರು ಎಂದು ಹೇಳುವುದಿಲ್ಲ.

ವೈದ್ಯರ ಬಗ್ಗೆ ಎರಡು ಮಾತು. ನರರೋಗ ನೋಡುವವರು ರೋಗಿ ಕೋಣೆಯೊಳಗೆ ಬರುವ ಮೊದಲೇ ಕಿವಿ ಕೊಡುತ್ತಾರೆ. ಪಾರ್ಕಿನ್ಸನ್ ಇದ್ದವರ ಹೆಜ್ಜೆ ಚಿಕ್ಕ ಚಿಕ್ಕದಾಗಿ ನೆಲ ಸವರುತ್ತದೆ. ಪಾದ ಎತ್ತುವ ಸ್ನಾಯು ಸೋತಿದ್ದರೆ ಹಿಮ್ಮಡಿ ಬಿದ್ದ ಕೂಡಲೇ ಮುಂಗಾಲು 'ಪಟ್' ಎಂದು ಬಡಿಯುತ್ತದೆ. ಆಗಲೇ ಪರದೆ ಮೇಲೆ ನೋಡಿದ ಎರಡನೇ ಚಿಕ್ಕ ಗೂಟ ಇವರಲ್ಲಿ ದೊಡ್ಡದಾಗುತ್ತದೆ.

ನನಗೆ ಹೆಜ್ಜೆ ಕೇಳುವುದನ್ನು ನಿಜವಾಗಿ ಕಲಿಸಿದವರು ಕಣ್ಣು ಕಾಣದ ಗೆಳೆಯರೊಬ್ಬರು. ಹೊಸ ಶೂ ಹಾಕಿಕೊಂಡು ಮಾತಾಡದೆ ಅವರ ಪಕ್ಕ ಹೋಗಿ ನಿಂತೆ. "ಬೆನ್ನು ನೋವಾ?" ಎಂದರು. ಹೌದು, ಹಿಂದಿನ ದಿನವೇ ಹಿಡಿದುಕೊಂಡಿತ್ತು. ಯಾರು ಎಂದು ಕೇಳುವುದೇ ಬೇಡವಾಗಿತ್ತು ಅವರಿಗೆ. ಅವರು ಹೇಳಿದ ಇನ್ನೊಂದು ಮಾತು ನನಗೆ ಆಗ ಅರ್ಥವಾಗಲಿಲ್ಲ: "ನಾನು ನಿಮ್ಮ ಹೆಜ್ಜೆಗಿಂತ ಜಾಸ್ತಿ ನನ್ನ ಹೆಜ್ಜೆ ಕೇಳ್ತೀನಿ."

1944ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಬಂದ ಒಂದು ವರದಿ ಓದಿದ ಮೇಲೆ ಅರ್ಥವಾಯಿತು. ಕಣ್ಣು ಕಾಣದವರು ಎದುರಿನ ಗೋಡೆ ಮುಟ್ಟುವ ಮೊದಲೇ ನಿಲ್ಲುತ್ತಾರಲ್ಲ, ಅದು ಮುಖದ ಚರ್ಮಕ್ಕೆ ತಿಳಿಯುತ್ತದೆ ಎಂದು ಆಗ ಹಲವರು ನಂಬಿದ್ದರು. ಸಂಶೋಧಕರು ಪರೀಕ್ಷೆ ಮಾಡಿದರು. ಗಟ್ಟಿ ನೆಲದ ಮೇಲೆ ಶೂ ಹಾಕಿ ನಡೆದಾಗ ದೂರದಿಂದಲೇ ಗೋಡೆ ತಿಳಿಯಿತು. ಕಾಲುಚೀಲದಲ್ಲಿ ಕಾರ್ಪೆಟ್ ಮೇಲೆ ನಡೆದಾಗ ತೀರಾ ಹತ್ತಿರ ಬರುವವರೆಗೆ ತಿಳಿಯಲಿಲ್ಲ. ಕಿವಿ ಮುಚ್ಚಿದಾಗ ಹೋಗಿ ಗೋಡೆಗೇ ಹಾಯ್ದರು. ಕೊನೆಯ ಪ್ರಯೋಗ ನನಗೆ ಬಹಳ ಹಿಡಿಸಿತು. ಪರೀಕ್ಷೆಗೆ ಒಳಗಾದವರು ಬೇರೆ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕೂತರು. ಸಂಶೋಧಕರು ಮೈಕ್ ಹಿಡಿದು ಗೋಡೆಯತ್ತ ನಡೆದರು. ಕೂತವರು ಆ ಹೆಜ್ಜೆಗಳನ್ನು ಕೇಳಿಯೇ ಗೋಡೆ ಹತ್ತಿರ ಬಂತೆಂದರು. ಹೆಜ್ಜೆಯ ಸದ್ದು ಗೋಡೆಗೆ ಬಡಿದು ವಾಪಸ್ ಬರುವುದೇ ಅವರಿಗೆ ದೀಪ.

ಅವರು ಅಷ್ಟು ಗಮನ ಕೊಟ್ಟು ಕೇಳುವ ಸದ್ದನ್ನು ನಾವು ಕೇಳಿಸಿಕೊಳ್ಳುವುದೇ ಇಲ್ಲ. ಹಾವಿನ ಹೆಜ್ಜೆ ಹಾವೇ ಬಲ್ಲದು ಅನ್ನುತ್ತಾರೆ. ಮನುಷ್ಯರ ವಿಷಯದಲ್ಲಿ ಗಾದೆ ತಲೆಕೆಳಗು. ನಿಮ್ಮ ಹೆಜ್ಜೆ ಮನೆಯವರಿಗೆಲ್ಲ ಗೊತ್ತು, ನಿಮಗೆ? ನಾನೇ ರೆಕಾರ್ಡ್ ಮಾಡಿದ ನನ್ನ ಹೆಜ್ಜೆಗಳನ್ನು ಒಂದು ವರ್ಷ ಬಿಟ್ಟು ಕೇಳಿದಾಗ, ಯಾರಪ್ಪಾ ಇದು ಕಾಲೆಳೆದುಕೊಂಡು, ಎಂದುಕೊಂಡಿದ್ದೆ. ಡ್ಯೂಕ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳನ್ನು ಓಡುಪಟ್ಟಿ ಮೇಲೆ ಓಡಿಸಿ, ಪ್ರತಿ ಹೆಜ್ಜೆಗೂ ಒಂದು ಕೃತಕ ಸದ್ದು ಕೇಳಿಸಿದರು. ಕೆಲವು ದಿನಗಳಲ್ಲಿ ಇಲಿಯ ಮೆದುಳು ಆ ಸದ್ದನ್ನು ತನ್ನದೇ ಎಂದು ಕಲಿತು, ಓಡುವಾಗ ಅದನ್ನು ಅದುಮಿಬಿಟ್ಟಿತು. ಬೇರೆ ಸದ್ದು ಬಂದರೆ ಮಾತ್ರ ಎಚ್ಚರ. ತನ್ನ ಕಾಲ್ಸಪ್ಪಳವನ್ನೇ ಕೇಳುತ್ತಾ ಕೂತರೆ ಇಲಿಗೆ ಉಳಿಗಾಲ ಇಲ್ಲ, ಅಲ್ವಾ?

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಕೊಡುತ್ತೇನೆ.

ಬೇಕೆಂದೇ ನಡಿಗೆ ಬದಲಿಸಿ ಮೋಸ ಮಾಡಬಹುದಾ ಎಂದು ಒಬ್ಬರು ಕೇಳಿದರು. ಮಾಡಬಹುದು, ಸ್ವಲ್ಪ ದೂರ. ಶೂ ಒಳಗೆ ಒಂದು ಕಲ್ಲು ಹಾಕಿಕೊಂಡರೆ ನೀವು ನೀವಲ್ಲ. ಕಳ್ಳಹೆಜ್ಜೆ ಇಟ್ಟರೂ ಆಗುತ್ತದೆ. ಆಗ ಎಲ್ಲರೂ ಹಿಮ್ಮಡಿ ಎತ್ತಿ, ನಿಧಾನಕ್ಕೆ, ಮುಂಗಾಲಲ್ಲೇ ನಡೆಯುವುದರಿಂದ ಎಲ್ಲರೂ ಒಂದೇ ಥರ ಆಗಿಬಿಡುತ್ತಾರೆ. ಆದರೆ ಬೇರೆಯವರ ನಡಿಗೆಯನ್ನು ಹೊತ್ತು ತಿರುಗುವುದು ಕಷ್ಟ. ಫೋನ್ ಬಂದರೆ, ಏನೋ ನೆನಪಾದರೆ, ನಿಮ್ಮ ತಾಳ ವಾಪಸ್ ಬರುತ್ತದೆ.

ಕೊನೆಯ ಪ್ರಶ್ನೆ ಏಳೆಂಟು ವರ್ಷದ ಹುಡುಗಿಯದು. "ನಾಯಿ ಬಂದ್ರೆ ಗೊತ್ತಾಗುತ್ತೆ, ಬೆಕ್ಕು ಬಂದ್ರೆ ಯಾಕೆ ಗೊತ್ತಾಗಲ್ಲ?" ನಾಯಿ ಉಗುರು ಒಳಗೆ ಎಳೆದುಕೊಳ್ಳಲಾರದು, ಗಟ್ಟಿ ನೆಲದ ಮೇಲೆ ಟಿಕ್ ಟಿಕ್ ಅನ್ನುತ್ತದೆ. ಬೆಕ್ಕು ಎಳೆದುಕೊಳ್ಳುತ್ತದೆ. ಮೆತ್ತನೆ ಪಾದ ಬೇರೆ. ಜೊತೆಗೆ ಮುಂಗಾಲು ಇಟ್ಟ ಜಾಗದಲ್ಲೇ ಹಿಂಗಾಲು ಇಡುತ್ತದೆ. ಮುಂಗಾಲಿಗೆ ಒಣ ಎಲೆ ಸಿಗಲಿಲ್ಲ ಅಂದರೆ ಹಿಂಗಾಲಿಗೂ ಸಿಗುವುದಿಲ್ಲ. ಇಷ್ಟು ಹೇಳಿದಾಗ ಆ ಹುಡುಗಿ, "ಹಾಗಾದ್ರೆ ಇಲಿ ಕಿವಿ ಕೊಟ್ಟು ಏನು ಪ್ರಯೋಜನ?" ಎಂದಳು. ಅದಕ್ಕೇ ತಾನೇ ಇಲಿಗಳೆಲ್ಲ ಸಭೆ ಸೇರಿ ಬೆಕ್ಕಿಗೆ ಗಂಟೆ ಕಟ್ಟಬೇಕು ಎಂದು ಮಾತಾಡಿಕೊಂಡದ್ದು.